ಭರತದ ಹೊತ್ತಲ್ಲಿ ಬಂಡೆ ಹತ್ತಿದ ಹಡಗು

ಕಳೆದ ಬೇಸಿಗೆಯಲ್ಲಿ ಅಲಾಸ್ಕಾದ ಜೂನೋದಿಂದ ಸ್ಕ್ಯಾಗ್ವೇಗೆ ಫೆರ್ರಿಯಲ್ಲಿ ಹೋದೆವು. ಹೊರಟು ಒಂದು ಗಂಟೆ ಮೇಲಾಗಿತ್ತು. ಎರಡೂ ಕಡೆ ಹಿಮ ಹೊತ್ತ ಬೆಟ್ಟ, ನಡುವೆ ಕಡುನೀಲಿ ನೀರು. ಅಲೆ ಅನ್ನೋದೇ ಇಲ್ಲ. ಡೆಕ್ಕಿನ ಕಂಬಿ ಹಿಡಿದು ನಿಂತಿದ್ದ ಮಗಳು ಕೈ ತೋರಿಸಿದಳು.

"ಅಪ್ಪಾ, ನೀರಿನ ಮಧ್ಯೆ ಅದೇನು?"

ದೂರದಲ್ಲಿ ಒಂದು ದೀಪದ ಗುರುತು. ಸುತ್ತ ಎಲ್ಲೂ ನೆಲ ಇಲ್ಲ.

"ಅಲ್ಲಿ ಬಂಡೆ ಇದೆ. ಈಗ ಭರತ, ಅದಕ್ಕೆ ಕಾಣ್ತಿಲ್ಲ."

ಅವಳು ಹುಟ್ಟಿ ಬೆಳೆದದ್ದು ವ್ಯಾಂಕೂವರಿನಲ್ಲಿ. ಭರತ ಅಂದರೆ ಏನು ಅಂತ ಗೊತ್ತಿರಲಿಲ್ಲ. ಹೈ ಟೈಡ್ ಅಂತ ಹೇಳಿದೆ. ಭರತ, ಇಳಿತ, ಎರಡೂ ಮಾತು ಕಲಿಸಿದೆ. ಆ ಬಂಡೆಯ ಹೆಸರು ವ್ಯಾಂಡರ್‌ಬಿಲ್ಟ್ ರೀಫ್ ಅಂತಾನೂ ಹೇಳಿದೆ. ಅಲ್ಲಿ ಏನು ನಡೆಯಿತು ಅನ್ನೋದನ್ನು ಮಾತ್ರ ಅವತ್ತು ಹಡಗಿನ ಮೇಲೆ ನಿಂತು ಹೇಳಲು ಮನಸ್ಸು ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನಮ್ಮೂರಿನ ಒಂದು ವಿಷಯ. ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಕುಂದಾಪುರದಿಂದ ಗಂಗೊಳ್ಳಿಗೆ ದೋಣಿಯಲ್ಲಿ ದಾಟುತ್ತಿದ್ದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕಾ, ಕುಬ್ಜಾ, ಐದೂ ನದಿ ಕೂಡಿ ಸಮುದ್ರ ಸೇರುವ ಜಾಗ ಅದು. ಎದುರು ದಡ ಕಣ್ಣಿಗೆ ಕಾಣುತ್ತದೆ, ರಸ್ತೆಯಲ್ಲಿ ಹೋದರೆ ಸುತ್ತಿ ಬಳಸಿ ಹೋಗಬೇಕು. ಒಂದು ದಿನ ಇಳಿತದ ಹೊತ್ತಲ್ಲಿ ದೋಣಿ ಮರಳು ದಿಣ್ಣೆಗೆ ಹತ್ತಿ ಕೂತಿತು. ಕೋಲು ಹಾಕಿ ನೂಕಿದರು, ಇಬ್ಬರು ನೀರಿಗಿಳಿದು ತಳ್ಳಿದರು, ಅಲ್ಲಾಡಲಿಲ್ಲ. ಅಜ್ಜಿ ದೇವರ ಹೆಸರು ಹೇಳಲು ಶುರು ಮಾಡಿದ್ದರು. ದೋಣಿಯವ ಬೀಡಿ ಹಚ್ಚಿಕೊಂಡು, "ಹೆದರ್ಬೇಡಿ ಅಮ್ಮ, ಭರತ ಬಂದ್ರೆ ಅದೇ ಏಳತ್ತೆ" ಅಂದ. ಒಂದು ಗಂಟೆ ಕೂತಿದ್ದೆವು. ನೀರು ಮೆಲ್ಲಗೆ ಏರಿತು, ದೋಣಿ ಒಮ್ಮೆ ಅತ್ತ ಇತ್ತ ಓಲಾಡಿ ತಾನೇ ಎದ್ದಿತು.

ಹಾಗಾಗಿ ದೋಣಿ ಸಿಕ್ಕಿಕೊಳ್ಳುವುದು ಅಂದರೆ ನನ್ನ ತಲೆಯಲ್ಲಿ ಬಹಳ ವರ್ಷ ಇದ್ದ ಅರ್ಥ ಇಷ್ಟೇ: ಕಾಯಬೇಕು, ನೀರು ಬರುತ್ತದೆ, ಮನೆಗೆ ಹೋಗುತ್ತೇವೆ. ಆ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ ಅಂತ ಗೊತ್ತಾದದ್ದು ಈ ಕಡೆಯ ಹಡಗುಗಳ ಕಥೆ ಓದಲು ಶುರು ಮಾಡಿದ ಮೇಲೆ. ನಮ್ಮ ದೋಣಿ ಹತ್ತಿದ್ದು ಇಳಿತದಲ್ಲಿ. ಆಮೇಲೆ ಬರುವ ಒಂದೊಂದು ನಿಮಿಷವೂ ನಮ್ಮ ಪರವಾಗಿತ್ತು. ಭರತದ ತುದಿಯಲ್ಲಿ ಹತ್ತಿದ್ದರೆ? ಆಗ ಒಂದೊಂದು ನಿಮಿಷವೂ ನೀರು ಕೆಳಗಿಂದ ಜಾರಿ ಹೋಗುತ್ತಿರುತ್ತದೆ, ಹಡಗಿನ ಭಾರ ಪೂರ್ತಿ ಬಂಡೆಯ ಮೇಲೆ ಬೀಳುತ್ತದೆ, ಮತ್ತೆ ಅಷ್ಟೇ ಎತ್ತರದ ನೀರು ಬರಲು ಹನ್ನೆರಡು ಗಂಟೆ ಕಾಯಬೇಕು. ಹುಣ್ಣಿಮೆ, ಅಮಾವಾಸ್ಯೆ ಕಳೆದು ಭರತ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿರುವ ವಾರವಾದರೆ ಅಷ್ಟು ಎತ್ತರ ಬರುವುದೂ ಇಲ್ಲ. ಮುಂದಿನ ಹುಣ್ಣಿಮೆಯೋ ಅಮಾವಾಸ್ಯೆಯೋ ಬರಬೇಕು.

ಇನ್ನು ನೀರು ಎಷ್ಟು ಏರುತ್ತದೆ ಅನ್ನೋದು. ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ಇರುವ ವ್ಯತ್ಯಾಸ ಎದೆಮಟ್ಟ ದಾಟುವುದು ಕಡಿಮೆ. ಜೂನೋ ಕಡೆ ಅದು ಐದು ಮೀಟರ್ ಆಸುಪಾಸು. ಒಂದೂವರೆ ಮಹಡಿಯಷ್ಟು ನೀರು ದಿನಕ್ಕೆ ಎರಡು ಸಲ ಬಂದು ಎರಡು ಸಲ ಹೋಗುತ್ತದೆ. ಅದೂ ಒಂದೇ ಸಮ ಏರುವುದಿಲ್ಲ. ನಾವಿಕರು ಇದಕ್ಕೆ ಒಂದು ಬಾಯಿಲೆಕ್ಕ ಇಟ್ಟುಕೊಂಡಿದ್ದಾರೆ. ಏರಿಕೆಯನ್ನು ಹನ್ನೆರಡು ಪಾಲು ಮಾಡಿ, ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ಐದು ಮೀಟರಿನಲ್ಲಿ ಅರ್ಧ, ಎರಡೂವರೆ ಮೀಟರ್, ನಡುವಿನ ಎರಡೇ ಗಂಟೆಯಲ್ಲಿ ಬದಲಾಗಿಬಿಡುತ್ತದೆ. ಸೆಳೆತ ಜೋರಾಗಿರುವುದೂ ಸಾಮಾನ್ಯವಾಗಿ ಆಗಲೇ.

ನಾವು ಹೋಗುತ್ತಿದ್ದ ನೀರಿನ ಹೆಸರು ಲಿನ್ ಕೆನಾಲ್. ಹೆಸರಲ್ಲಿ ಕಾಲುವೆ ಇದ್ದರೂ ಯಾರೂ ತೋಡಿದ್ದಲ್ಲ. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದದ್ದು. ಉದ್ದ ಸುಮಾರು 140 ಕಿಲೋಮೀಟರ್, ಕೆಲವು ಕಡೆ ಆಳ 600 ಮೀಟರಿಗೂ ಹೆಚ್ಚು. ಇಷ್ಟು ಆಳದ ನೀರಿನಲ್ಲಿ ಹಡಗು ಬಂಡೆಗೆ ಬಡಿಯುತ್ತದೆ ಅಂದರೆ ನಂಬುವುದು ಕಷ್ಟ. ಆದರೆ ಅಪಾಯ ಇರುವುದೇ ಅಲ್ಲಿ. ಆಳ ಮೆಲ್ಲಗೆ ಕಡಿಮೆಯಾಗುತ್ತಾ ಬಂದರೆ ಹಗ್ಗಕ್ಕೆ ಗುಂಡು ಕಟ್ಟಿ ಬಿಟ್ಟು ಅಳೆದು ಎಚ್ಚರವಾಗಬಹುದು. ಇಲ್ಲಿ ಬಂಡೆ ಗೋಡೆಯ ಹಾಗೆ ತಳದಿಂದ ನೇರ ಎದ್ದು ನಿಂತಿರುತ್ತದೆ. ಒಂದು ಕ್ಷಣದ ಹಿಂದೆ ಕೆಳಗೆ ತಳವೇ ಸಿಗದಷ್ಟು ಆಳ, ಮರುಕ್ಷಣ ಬಂಡೆ.

ಈ ದಾರಿಯಲ್ಲಿ ಎಂಟು ವರ್ಷದ ಅಂತರದಲ್ಲಿ ಒಂದೇ ಕಂಪನಿಯ ಎರಡು ಪ್ರಯಾಣಿಕರ ಹಡಗು ಬಂಡೆ ಹತ್ತಿದವು. ಕೆನೇಡಿಯನ್ ಪೆಸಿಫಿಕ್ ಕಂಪನಿಯ 'ಪ್ರಿನ್ಸೆಸ್' ಹಡಗುಗಳು ಅವು. ಮೊದಲನೆಯದು ಪ್ರಿನ್ಸೆಸ್ ಮೇ. 1910ರ ಆಗಸ್ಟ್ 5ರಂದು ಸ್ಕ್ಯಾಗ್ವೇಯಿಂದ ಬರುತ್ತಾ ಮಂಜಿನಲ್ಲಿ ಸೆಂಟಿನೆಲ್ ದ್ವೀಪದ ಪಕ್ಕದ ಬಂಡೆ ಹತ್ತಿತು. ಭರತದ ಹೊತ್ತು. ಇಳಿತ ಬಂದಾಗ ಇಡೀ ಹಡಗು ನೀರಿನಿಂದ ಹೊರಗೆ, ಮೂತಿ ಆಕಾಶಕ್ಕೆ ಎತ್ತಿಕೊಂಡು ಬಂಡೆಯ ಮೇಲೆ ನಿಂತಿತ್ತು. ಆಗ ತೆಗೆದ ಫೋಟೋ ಈಗಲೂ ಪುಸ್ತಕಗಳಲ್ಲಿ, ಪೋಸ್ಟ್‌ಕಾರ್ಡ್‌ಗಳಲ್ಲಿ ಸಿಗುತ್ತದೆ. ಪ್ರಯಾಣಿಕರೆಲ್ಲ ಆ ದ್ವೀಪಕ್ಕೆ ಇಳಿದು ಬದುಕಿದರು. ಮುಂದಿನ ತಿಂಗಳು ಹಡಗನ್ನೂ ಬಿಡಿಸಿಕೊಂಡು ಹೋದರು.

ಎರಡನೆಯದು ಪ್ರಿನ್ಸೆಸ್ ಸೋಫಿಯಾ.

1918ರ ಅಕ್ಟೋಬರ್. ಯೂಕಾನ್ ನದಿ ಹೆಪ್ಪುಗಟ್ಟುವ ಸಮಯ. ಚಿನ್ನದ ಗಣಿಯ ಊರು ಡಾಸನ್‌ನಿಂದ ಜನ ಚಳಿಗಾಲಕ್ಕೆ ದಕ್ಷಿಣಕ್ಕೆ ಹೊರಡುತ್ತಿದ್ದರು. ಗಣಿ ಕೆಲಸದವರು, ಅಂಗಡಿಯವರು, ನದಿಯ ದೋಣಿಗಳಲ್ಲಿ ಬೇಸಿಗೆಯಿಡೀ ದುಡಿದವರು, ಅವರ ಹೆಂಡತಿ ಮಕ್ಕಳು. ಆ ವರ್ಷದ ಕೊನೆಯ ಹಡಗುಗಳಲ್ಲಿ ಅದೂ ಒಂದು, ಭರ್ತಿಯಾಗಿತ್ತು. 23ರ ರಾತ್ರಿ ಹತ್ತು ದಾಟಿದ ಮೇಲೆ, ಮೂರು ಗಂಟೆಗೂ ಹೆಚ್ಚು ತಡವಾಗಿ ಸ್ಕ್ಯಾಗ್ವೇ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ ಬಿರುಗಾಳಿ, ಹಿಮ. ಮುಂದೆ ಏನೂ ಕಾಣದ ಸ್ಥಿತಿ.

ಆಗ ರೇಡಾರ್ ಇಲ್ಲ, ಜಿಪಿಎಸ್ ಇಲ್ಲ. ಈ ಕಣಿವೆಗಳಲ್ಲಿ ಕ್ಯಾಪ್ಟನ್‌ಗಳು ಕಿವಿಯಿಂದ ಹಡಗು ನಡೆಸುತ್ತಿದ್ದರು. ಸೀಟಿ ಊದಿ, ಬೆಟ್ಟಕ್ಕೆ ಬಡಿದು ಪ್ರತಿಧ್ವನಿ ಬರಲು ಎಷ್ಟು ಸೆಕೆಂಡ್ ಆಯಿತು ಅಂತ ಎಣಿಸುವುದು. ಶಬ್ದ ಹೋಗಿ ಬರಬೇಕಲ್ವಾ, ಹಾಗಾಗಿ ಒಂದು ಸೆಕೆಂಡಿಗೆ ಸುಮಾರು 165 ಮೀಟರ್ ದೂರ. ಇದು ಮಂಜಿನಲ್ಲಿ ನಡೆಯುತ್ತದೆ. ಗಾಳಿ ಕಿರುಚುತ್ತಿರುವಾಗ ಪ್ರತಿಧ್ವನಿ ಕೇಳುವುದು ಹೇಗೆ? ಉಳಿಯುವುದು ಗಡಿಯಾರ, ದಿಕ್ಸೂಚಿ ಮಾತ್ರ. ಇಷ್ಟು ವೇಗ, ಇಷ್ಟು ಹೊತ್ತು, ಹಾಗಾದರೆ ನಾವು ಇಲ್ಲಿದ್ದೇವೆ ಅನ್ನುವ ಲೆಕ್ಕ.

ಆ ಲೆಕ್ಕಕ್ಕೆ ಸಿಗದೇ ಇರುವುದು ಪಕ್ಕದ ಸೆಳೆತ. ಗಾಳಿ, ನೀರು ಎರಡೂ ಸೇರಿ ಹಡಗನ್ನು ಗಂಟೆಗೆ ಬರೀ ಅರ್ಧ ಕಿಲೋಮೀಟರ್ ಪಕ್ಕಕ್ಕೆ ಸರಿಸಿದರೂ ನಾಲ್ಕು ಗಂಟೆಯಲ್ಲಿ ಎರಡು ಕಿಲೋಮೀಟರ್ ತಪ್ಪಿತು. ಡೆಕ್ಕಿನ ಮೇಲೆ ನಿಂತವರಿಗೆ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ಸುತ್ತಲಿನ ನೀರೂ ಜೊತೆಗೇ ಹೋಗುತ್ತಿರುತ್ತದೆ. ಸೋಫಿಯಾ ತಪ್ಪಿದ್ದು ಹೆಚ್ಚುಕಡಿಮೆ ಅಷ್ಟೇ, ಎರಡು ಕಿಲೋಮೀಟರ್. ರಾತ್ರಿ ಎರಡು ಗಂಟೆ ಹೊತ್ತಿಗೆ ಪೂರ್ತಿ ವೇಗದಲ್ಲಿ ವ್ಯಾಂಡರ್‌ಬಿಲ್ಟ್ ರೀಫ್ ಹತ್ತಿತು. ಆ ಬಂಡೆಗೆ ಇದ್ದದ್ದು ದೀಪವಿಲ್ಲದ ಒಂದು ಬೋಯ್, ಅಂದರೆ ನೀರಿನ ಮೇಲೆ ತೇಲುವ ಗುರುತು. ಹಗಲಿಗೆ ಸರಿ, ರಾತ್ರಿ ಹಿಮದಲ್ಲಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ನೂರಾರು ಜನರನ್ನು ತುಂಬಿಕೊಂಡು ಹಡಗುಗಳು ರಾತ್ರಿ ಹೊತ್ತು ಓಡಾಡುವ ದಾರಿಯ ನಡುವಿನ ಬಂಡೆಗೆ ಒಂದು ದೀಪ ಇರಲಿಲ್ಲ ಅನ್ನೋದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈಗ ಇದೆ, ನನ್ನ ಮಗಳು ನೋಡಿದ್ದು ಅದನ್ನೇ.

ಅಂಥಾ ಹಿಮದಲ್ಲಿ ಅಷ್ಟು ವೇಗ ಯಾಕೆ ಅಂತ ಕೇಳುವವರಿದ್ದಾರೆ. ನಾನೂ ಕೇಳಿಕೊಂಡಿದ್ದೇನೆ. ಆದರೆ ನಿಧಾನ ಹೋದರೆ ಪಕ್ಕದ ಸೆಳೆತಕ್ಕೆ ಸಿಗುವ ಹೊತ್ತು ಜಾಸ್ತಿ, ಚುಕ್ಕಾಣಿಯ ಹಿಡಿತ ಕಡಿಮೆ. ಎರಡು ಕಡೆಯೂ ಅಪಾಯ. ಕ್ಯಾಪ್ಟನ್ ಲೆನರ್ಡ್ ಲಾಕ್‌ಗೆ ಆಗ ವಯಸ್ಸು 66, ಅನುಭವಸ್ಥ, ಈ ನೀರು ಅವರಿಗೆ ಹೊಸದಲ್ಲ.

ಆಮೇಲೆ ನಡೆದದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಹಡಗು ಮುಳುಗಲಿಲ್ಲ. ಎರಡು ಪದರದ ತಳ ಇತ್ತು, ಹೊರಪದರ ಹರಿದರೂ ಒಳಪದರ ಗಟ್ಟಿಯಾಗಿತ್ತು. ದೀಪ ಉರಿಯುತ್ತಿತ್ತು, ಊಟ ಸಿಗುತ್ತಿತ್ತು. ಬೆಳಗಾದ ಮೇಲೆ ಜೂನೋ ಕಡೆಯಿಂದ ಸಣ್ಣ ದೋಣಿಗಳು ಬಂದವು, ಆಮೇಲೆ ಸೀಡರ್ ಅನ್ನುವ ಸರ್ಕಾರಿ ಹಡಗು, ಕಿಂಗ್ ಅಂಡ್ ವಿಂಜ್ ಅನ್ನುವ ಮೀನುಗಾರಿಕೆ ಹಡಗು. ಕೆಲವು ಕೂಗಿದರೆ ಕೇಳುವಷ್ಟು ಹತ್ತಿರ ಬಂದಿದ್ದವು. ಆದರೂ ಕ್ಯಾಪ್ಟನ್ ಯಾರನ್ನೂ ಇಳಿಸಲಿಲ್ಲ.

ಕಾರಣ ನೋಡಿ. ಇಳಿತದಲ್ಲಿ ಸುತ್ತಲೂ ಬಂಡೆ ಎದ್ದು ಕಾಣುತ್ತಿತ್ತು. ಪಾರುದೋಣಿ (ಲೈಫ್‌ಬೋಟ್) ಇಳಿಸಿದರೆ ನೀರಿಗಲ್ಲ, ಕಲ್ಲಿಗೆ ಬೀಳುತ್ತಿತ್ತು. ಭರತ ಬಂದಾಗ ನೀರೇನೋ ಇತ್ತು, ಆದರೆ ಅಲೆಗಳು ಬಂಡೆಯ ಮೇಲೇ ಒಡೆಯುತ್ತಿದ್ದವು. ಇಳಿಸಬೇಕಾದದ್ದು ಹೆಂಗಸರು, ಮಕ್ಕಳು. ಹಡಗು ಗಟ್ಟಿಯಾಗಿ ಕೂತಿದೆ, ಗಾಳಿ ಇಳಿಯುತ್ತದೆ, ಆಗ ಎಲ್ಲರನ್ನೂ ಸುರಕ್ಷಿತವಾಗಿ ದಾಟಿಸೋಣ ಅಂತ ಅವರು ಕಾದರು. ಎಂಟು ವರ್ಷದ ಹಿಂದೆ ಇದೇ ಕಂಪನಿಯ ಹಡಗು ಇದೇ ನೀರಿನಲ್ಲಿ ಬಂಡೆ ಹತ್ತಿ, ಎಲ್ಲರೂ ಬದುಕಿದ್ದರಲ್ಲ. ಆ ನೆನಪು ಅವರಿಗೆ ಇಲ್ಲದಿರಲು ಸಾಧ್ಯವೇ ಇಲ್ಲ ಅಂತ ನನ್ನ ಅನಿಸಿಕೆ. ನಮ್ಮ ದೋಣಿಯವನಿಗೆ ಬೀಡಿ ಹಚ್ಚುವ ಧೈರ್ಯ ಬಂದದ್ದೂ ಅಂಥದೇ ನೆನಪಿನಿಂದ.

ನಲವತ್ತು ಗಂಟೆ ಹತ್ತಿರ ಕಾದರು. ಹಡಗಿನೊಳಗಿದ್ದ ಒಬ್ಬ ಯುವಕ, ತಾನು ಮದುವೆಯಾಗಬೇಕಿದ್ದ ಹುಡುಗಿಗೆ ಕಾಗದ ಬರೆದ, ಅದರ ಜೊತೆ ಉಯಿಲೂ ಬರೆದಿಟ್ಟ. ಅವನ ಶವದ ಜೊತೆ ಆ ಕಾಗದ ಸಿಕ್ಕಿತು.

25ರಂದು ಗಾಳಿ ಇಳಿಯುವ ಬದಲು ಏರಿತು. ಸಂಜೆಯ ಭರತ ಏರುತ್ತಿತ್ತು. ನಮ್ಮ ದೋಣಿಯನ್ನು ಎತ್ತಿದ್ದೂ ಏರುವ ನೀರೇ. ಸೋಫಿಯಾದ ಹಿಂಭಾಗವನ್ನೂ ಅದು ಎತ್ತಿತು, ಬಿರುಗಾಳಿ ಅದನ್ನು ಹಿಡಿದು ತಿರುಗಿಸಿತು, ಬಂಡೆಯ ಮೇಲೆ ಇಡೀ ಹಡಗು ಸುತ್ತು ಹೊಡೆದು ತಳ ಸೀಳಿಕೊಂಡು ಆಳಕ್ಕೆ ಜಾರಿತು. ಸಂಜೆ ಐದು ಗಂಟೆ ಹೊತ್ತಿಗೆ ವೈರ್‌ಲೆಸ್ ಆಪರೇಟರ್ ನೀರು ನುಗ್ಗುತ್ತಿದೆ, ಬಂದು ಕಾಪಾಡಿ ಅಂತ ಬೇಡಿಕೊಂಡ. ಗಾಳಿಗೆ ಮರೆಯಾಗಿ ನಿಂತಿದ್ದ ಸೀಡರ್ ಹೊರಟಿತು, ಕಣ್ಣು ಕಾಣದ ಹಿಮದಲ್ಲಿ ಮುಂದೆ ಹೋಗಲಾಗದೆ ಹಿಂದಿರುಗಿತು. ಮರುದಿನ ಬೆಳಗ್ಗೆ ಬಂದು ನೋಡಿದರೆ ನೀರಿನ ಮೇಲೆ ಮುಂದಿನ ಕಂಬದ ತುದಿ ಮಾತ್ರ. 340ಕ್ಕೂ ಹೆಚ್ಚು ಜನ. ಒಬ್ಬರೂ ಉಳಿಯಲಿಲ್ಲ. ಹಡಗಿನಲ್ಲಿದ್ದ ಒಂದು ನಾಯಿ ಮಾತ್ರ ದಡ ಸೇರಿತು. ಸಿಕ್ಕ ಹಲವು ಶವಗಳ ಮೇಲಿದ್ದ ಗಡಿಯಾರ 5.50ರ ಆಸುಪಾಸಿಗೆ ನಿಂತಿತ್ತು. ಹಡಗಿನಿಂದ ಸೋರಿದ ಇಂಧನದ ಎಣ್ಣೆ ಬಾಯಿಗೆ ಹೋಗಿ, ಮೈಗೆ ಮೆತ್ತಿಕೊಂಡು ಸತ್ತವರೇ ಬಹಳ.

ಶವಗಳನ್ನು ಹೊತ್ತ ಪ್ರಿನ್ಸೆಸ್ ಆಲಿಸ್ ಹಡಗು ವ್ಯಾಂಕೂವರ್ ತಲುಪಿದ್ದು 1918ರ ನವೆಂಬರ್ 11ರ ರಾತ್ರಿ. ಮೊದಲ ಮಹಾಯುದ್ಧ ಮುಗಿದ ದಿನ. ಊರಿಡೀ ಬೀದಿಯಲ್ಲಿ ಕುಣಿಯುತ್ತಿತ್ತು. ನಾನು ದಿನಾ ಬಸ್ಸಿನಲ್ಲಿ ಹಾದು ಹೋಗುವುದು ಅದೇ ಬಂದರಿನ ಪಕ್ಕ.

ವಿಚಾರಣೆ ನಡೆದು, ಇದು ಸಮುದ್ರದ ಆಪತ್ತು, ಕಾದದ್ದು ಕ್ಯಾಪ್ಟನ್ ತಪ್ಪಲ್ಲ ಅಂತ ತೀರ್ಮಾನವಾಯಿತು. ಅದನ್ನು ಒಪ್ಪದವರು ಅವತ್ತೂ ಇದ್ದರು, ಇವತ್ತೂ ಇದ್ದಾರೆ. ಎದುರಿಗೆ ದೋಣಿಗಳು ನಿಂತಿದ್ದವಲ್ಲ, ಸಿಕ್ಕ ಹೊತ್ತಲ್ಲಿ ಅರ್ಧ ಜನರನ್ನಾದರೂ ಇಳಿಸಬಹುದಿತ್ತು ಅನ್ನುತ್ತಾರೆ. ನನಗೆ ಆ ಕ್ಯಾಪ್ಟನ್ ಮೇಲೆ ಬೆರಳು ತೋರಿಸಲು ಆಗುವುದಿಲ್ಲ. ಇಳಿಸುವಾಗ ದೋಣಿ ಮಗುಚಿ ಐವತ್ತು ಜನ ಸತ್ತು, ಹಡಗು ಉಳಿದಿದ್ದರೆ ಇದೇ ಜನ ಯಾಕೆ ಇಳಿಸಿದೆ ಅಂತ ಕೇಳುತ್ತಿದ್ದರು. ಆದರೆ ಒಂದು ಮಾತು ಮಾತ್ರ ನನಗೆ ಖಚಿತವಾಗಿದೆ. ಬಂಡೆ ಹತ್ತಿದ ಹಡಗು ನಿಂತಿರುವ ಹಾಗೆ ಕಾಣುತ್ತದೆ, ನಿಂತಿರುವುದಿಲ್ಲ. ಕೆಳಗಿನ ನೀರು ಆರು ಗಂಟೆಗೊಮ್ಮೆ ಬದಲಾಗುತ್ತಿರುತ್ತದೆ. ಒಂದು ಭರತದಲ್ಲಿ ಗಟ್ಟಿಯಾಗಿ ಕೂತದ್ದು ಇನ್ನೊಂದು ಭರತದಲ್ಲೂ ಹಾಗೇ ಕೂತಿರುತ್ತದೆ ಅಂತ ಯಾರೂ ಹೇಳಲಾಗದು.

ಅಲಾಸ್ಕಾದಿಂದ ಬಂದ ಮೇಲೆ ಇದೇ ತಲೆಯಲ್ಲಿತ್ತು. ಹಾಗಾಗಿ ಒಂದು ಶನಿವಾರ ಮಗಳನ್ನು ಕರೆದುಕೊಂಡು ವ್ಯಾಂಕೂವರ್ ದ್ವೀಪದ ಕ್ಯಾಂಪ್‌ಬೆಲ್ ರಿವರ್‌ಗೆ ಹೋದೆ. ಊರಿನ ಉತ್ತರಕ್ಕೆ ಸೀಮೋರ್ ನ್ಯಾರೋಸ್ ಅನ್ನುವ ಇಕ್ಕಟ್ಟು ಇದೆ. ದ್ವೀಪದ ಒಳಬದಿಯಿಂದ ಅಲಾಸ್ಕಾಕ್ಕೆ ಹೋಗುವ ದೊಡ್ಡ ಹಡಗುಗಳು ಅದರೊಳಗೇ ಹಾಯಬೇಕು. ಅಲ್ಲಿ ಸೆಳೆತ 15 ನಾಟ್ ಮುಟ್ಟುತ್ತದೆ, ಗಂಟೆಗೆ 28 ಕಿಲೋಮೀಟರ್ ಹತ್ತಿರ. ಮಳೆಗಾಲದ ಹೊಳೆ ಕೂಡ ಈ ವೇಗದಲ್ಲಿ ಹರಿಯುವುದನ್ನು ನಾನು ನೋಡಿಲ್ಲ. ಇಕ್ಕಟ್ಟಿನ ನಡುವೆ ರಿಪಲ್ ರಾಕ್ ಅನ್ನುವ ಎರಡು ತುದಿಯ ಬಂಡೆ ಇತ್ತು. ಒಂದು ತುದಿ ಇಳಿತದ ನೀರಿಗಿಂತ ಬರೀ 2.7 ಮೀಟರ್ ಕೆಳಗೆ. ನೀರು ಅದಕ್ಕೆ ಬಡಿದು ಸುಳಿ ಏಳುತ್ತಿತ್ತು. 1875ರಲ್ಲಿ ಅಮೆರಿಕದ ಯುದ್ಧನೌಕೆ ಸರನಾಕ್ ಅದಕ್ಕೆ ಬಡಿದು ಮುಳುಗಿತು. ಆಮೇಲೆ ದೊಡ್ಡವು ಸಣ್ಣವು ಸೇರಿ ನೂರಕ್ಕೂ ಹೆಚ್ಚು ದೋಣಿ, ನೂರಕ್ಕೂ ಹೆಚ್ಚು ಜೀವ ಹೋದವು.

ಅದನ್ನು ತೆಗೆದ ಕಥೆ ಮಗಳಿಗೆ ತುಂಬಾ ಹಿಡಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೇಲೆ ದೋಣಿ ನಿಲ್ಲಿಸಿ ಕೊರೆಯಲು ನೋಡಿದರು. ಸೆಳೆತಕ್ಕೆ ದೋಣಿ ನಿಲ್ಲಲೇ ಇಲ್ಲ, ಕಟ್ಟಿದ ಉಕ್ಕಿನ ಹಗ್ಗಗಳು ತುಂಡಾದವು. ಕೊನೆಗೆ ನೀರಿನ ಗೊಡವೆಯೇ ಬೇಡ ಅಂತ ಪಕ್ಕದ ಮಾಡ್ ದ್ವೀಪದಲ್ಲಿ ಬಾವಿಯ ಹಾಗೆ 170 ಮೀಟರ್ ಕೆಳಗೆ ಅಗೆದು, ಅಲ್ಲಿಂದ ಸಮುದ್ರದ ತಳದಡಿ ಮುಕ್ಕಾಲು ಕಿಲೋಮೀಟರ್ ಸುರಂಗ ಕೊರೆದು, ಬಂಡೆಯ ಹೊಟ್ಟೆಯೊಳಗೆ ಏರಿ, ಸುಮಾರು 1,270 ಟನ್ ಸ್ಫೋಟಕ ತುಂಬಿದರು. 1958ರ ಏಪ್ರಿಲ್ 5ರ ಬೆಳಗ್ಗೆ ಸಿಡಿಸಿದರು. ಕೆನಡಾದ ಟಿವಿಯಲ್ಲಿ ನೇರ ಪ್ರಸಾರ. ಬಂಡೆಯ ತುದಿ ಈಗ ನೀರಿನಡಿ ಸುಮಾರು 14 ಮೀಟರ್ ಕೆಳಗಿದೆ.

ಬಂಡೆ ಹೋಯಿತು, ಸೆಳೆತ ಹೋಗಲಿಲ್ಲ. 1984ರಲ್ಲಿ ಸನ್‌ಡ್ಯಾನ್ಸರ್ ಅನ್ನುವ ಕ್ರೂಸ್ ಹಡಗು ಅದೇ ಮಾಡ್ ದ್ವೀಪದ ಬಳಿ ತಳ ಒಡೆದುಕೊಂಡಿತು. ಹೇಗೋ ಹತ್ತಿರದ ಡಂಕನ್ ಬೇಯ ಕಾರ್ಖಾನೆ ಕಟ್ಟೆ ಮುಟ್ಟಿ ಎಲ್ಲರನ್ನೂ ಇಳಿಸಿತು, ಆಮೇಲೆ ಕಟ್ಟೆಗೆ ಒರಗಿಕೊಂಡು ಕುಸಿಯಿತು.

ಜೋರು ಸೆಳೆತದಲ್ಲಿ ಹಡಗಿಗೆ ಆಗುವುದೇನು ಅಂತ ಬರೀ ಓದಿ ತಿಳಿಯುವುದು ಕಷ್ಟ, ಅಲ್ಲಿ ನಿಂತು ನೋಡಬೇಕು. ಹಿಂದಿನಿಂದ ನೀರು ನೂಕುತ್ತಿದ್ದರೆ ಚುಕ್ಕಾಣಿ ತಿರುಗಿಸಿದರೂ ಹಡಗು ತಿರುಗುವಷ್ಟರಲ್ಲಿ ಎಷ್ಟೋ ದೂರ ಹೋಗಿಯಾಗಿರುತ್ತದೆ. ಮೂತಿ ಒಂದು ಸುಳಿಯಲ್ಲಿ, ಬಾಲ ಇನ್ನೊಂದರಲ್ಲಿ ಸಿಕ್ಕರೆ ಎರಡೂ ಕಡೆ ಬೇರೆ ಬೇರೆ ಎಳೆತ. ಗಾಳಿ ಎದುರು, ನೀರು ಹಿಂದೆ ಅಂದರೆ ಅಲೆ ಕಿರಿದಾಗಿ ಕಡಿದಾಗಿ ಏಳುತ್ತದೆ. ನಮ್ಮ ಅಳಿವೆಯಲ್ಲಿ ಮಳೆಗಾಲದ ಇಳಿತದ ನೀರಿಗೆ ಸಮುದ್ರದ ಅಲೆ ಎದುರಾದಾಗ ದೋಣಿ ಮಗುಚುವುದೂ ಇದೇ ಕಾರಣಕ್ಕೆ. ಗಂಗೊಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೀಮೋರಿನಲ್ಲಿ ನಡೆಯುವುದು ಒಂದೇ ಉಪಾಯ. ನೀರು ನಿಲ್ಲುವ ಹೊತ್ತಿಗೆ ಕಾದು ಹಾಯುವುದು. ದಡದಲ್ಲಿ ಭರತ ತುಂಬಿದ ಹೊತ್ತೂ ಇಕ್ಕಟ್ಟಿನಲ್ಲಿ ನೀರು ನಿಲ್ಲುವ ಹೊತ್ತೂ ಒಂದೇ ಆಗಿರುವುದಿಲ್ಲ, ಅದಕ್ಕೇ ಸೆಳೆತದ ಪಟ್ಟಿಯನ್ನು ಬೇರೆಯಾಗಿ ಅಚ್ಚು ಹಾಕುತ್ತಾರೆ. ಅದನ್ನು ನೋಡಿಕೊಂಡು ಕಾಡಿನ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ನಡೆದು ಮೇಲಿನ ಕಟ್ಟೆಗೆ ಹೋದೆವು. ನಾವು ತಲುಪಿದಾಗ ನೀರು ಇನ್ನೂ ದಕ್ಷಿಣಕ್ಕೆ ಓಡುತ್ತಿತ್ತು, ಸುಳಿಗಳ ಸದ್ದು ಮೇಲಕ್ಕೆ ಕೇಳುತ್ತಿತ್ತು. ಉತ್ತರದ ಕಡೆ ಒಂದು ಟಗ್, ಅಂದರೆ ಎಳೆಯುವ ದೋಣಿ, ಹಿಂದೆ ಸರಕಿನ ಬಾರ್ಜ್ ಕಟ್ಟಿಕೊಂಡು ಸುಮ್ನೆ ನಿಂತಿತ್ತು. ನಾವು ತಂದಿದ್ದ ಚಪಾತಿ ತಿಂದೆವು. ಸದ್ದು ಕಡಿಮೆಯಾಗುತ್ತಾ ಬಂತು. ಸುಳಿಗಳು ಒಂದೊಂದಾಗಿ ಮುಚ್ಚಿದವು. ಟಗ್ ಹೊರಟು ನಮ್ಮ ಕೆಳಗೆ ಹಾದು ದಕ್ಷಿಣಕ್ಕೆ ಹೋಯಿತು, ಅದು ದಾಟುವಾಗ ನೀರು ಕೆರೆಯ ಹಾಗಿತ್ತು.

ಸ್ವಲ್ಪ ಹೊತ್ತಿಗೆ ತೇಲುತ್ತಿದ್ದ ಒಂದು ಮರದ ದಿಮ್ಮಿ ನಿಂತಲ್ಲೇ ಅರ್ಧ ತಿರುಗಿ ಉತ್ತರಕ್ಕೆ ಸರಿಯಲು ಶುರುವಾಯಿತು.

"ಅಪ್ಪಾ, ಇಳಿತ" ಅಂದಳು ಮಗಳು.